ಕೆಂಪಿನ ಕಡೆ ಕಟ್ಟಿದ ಬಾಜಿ

ಸೋಲೂರು
ಭಾನುವಾರ, 9-2-2025

ಚಿ. ಭಾನುಪ್ರಿಯಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮಾಗಡಿ ತಾಲ್ಲೂಕಿಗೆ ಬಣ್ಣ ತಂದವನೇ ನಾನು. ಮದುವೆ ಮನೆಗಳಿಗೆ ಸೀರಿಯಲ್ ಸೆಟ್ ದೀಪ ಕಟ್ಟಲು ನಾನು ಶುರು ಮಾಡುವ ಮುಂಚೆ ಈ ಕಡೆ ಕಾಮನಬಿಲ್ಲೂ ಕಪ್ಪುಬಿಳುಪಿನಲ್ಲೇ ಮೂಡುತ್ತಿತ್ತು. ಬೇಕಾದರೆ ನಿಮ್ಮಮ್ಮನನ್ನು ಕೇಳು. ಬೇಡ, ಕೇಳಬೇಡ. ನನ್ನ ಸಾಧನೆಗಳ ವಿಷಯದಲ್ಲಿ ಅಕ್ಕನಿಗೆ ಮರೆವು ಜಾಸ್ತಿ.

ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದ ಹರಿದು ಹಾಕುವವರೂ ಹರಿಯುವ ಮುಂಚೆ ಒಂದೆರಡು ಸಾಲು ಓದುತ್ತಾರೆ ಎಂಬ ಧೈರ್ಯದ ಮೇಲೆ ಕೂತಿದ್ದೇನೆ. ಇಲ್ಲಿ ನಾವು, ಹಸು, ನಾಯಿ ಎಲ್ಲ ಸುಖವಾಗಿದ್ದೇವೆ. ನಿಮ್ಮತ್ತೆ ಡೈರಿಗೆ ಹಾಲು ಹಾಕಲು ಹೋಗಿದ್ದಾಳೆ, ಆದ್ದರಿಂದ ಒಸಿ ನಿಜ ಬರೆಯಬಹುದು.

ನಿನ್ನ ಸಿಟ್ಟಿನ ಕಾರಣ ಗೊತ್ತು. ನಿನ್ನ ಪ್ರಯೋಗ ಗೆಲ್ಲುವುದಿಲ್ಲ ಎಂದು ನಾನು ಗೆಳೆಯ ರಸೂಲನ ಹತ್ತಿರ ಬಾಜಿ ಕಟ್ಟಿದೆ. ಹೌದು, ಕಟ್ಟಿದೆ.

ದಸರೆಗೆ ಬಂದಾಗ ನಮ್ಮ ಜಗಲಿಯ ಮೇಲೆ ಕೂತು ನಿನ್ನ ಸಂಶೋಧನೆಯನ್ನು ನನಗೆ ಬಿಡಿಸಿ ಹೇಳಿದೆಯಲ್ಲ, ಒಂದಕ್ಷರವೂ ಮರೆತಿಲ್ಲ. ಹರಳಿನೊಳಗೆ ಕೂದಲಿಗಿಂತ ಸಣ್ಣ ಓಣಿಗಳು, ಒಂದರ ಪಕ್ಕ ಒಂದು. ನಡುವಿನ ಓಣಿಗೆ ಬಿಳಿ ಬೆಳಕು ಬಿಟ್ಟರೆ ಅದು ಅಲ್ಲೇ ನಿಲ್ಲದೆ ಅಕ್ಕಪಕ್ಕಕ್ಕೆ ಸೋರುತ್ತದೆ. ಅದರಲ್ಲೂ ಕೆಂಪು ಊರು ಸುತ್ತುವ ಬಣ್ಣ. ಅದು ನಾಲ್ಕು ಓಣಿ ದಾಟಿದರೂ ನೀಲಿ ಇನ್ನೂ ಹೊಸ್ತಿಲ ಹತ್ತಿರವೇ ಇರುತ್ತದೆ. ಬಿಳಿಯಾಗಿ ಒಳಗೆ ಹೋದದ್ದು ಪಾಲಾದ ಮನೆಯ ಹಾಗೆ ಹೊರಗೆ ಬರುತ್ತದೆ. ಆದರೆ ಬೆಳಕನ್ನು ತಕ್ಕಷ್ಟು ಜೋರು ಮಾಡಿದರೆ ಅದು ಹರಳಿನ ಗುಣವನ್ನೇ ಬದಲಿಸಿ, ಎಲ್ಲ ಬಣ್ಣಗಳನ್ನೂ ಒಂದೇ ಕಡೆ ಹಿಡಿದುಕೊಳ್ಳಬೇಕು.

ಬಲ್ಬು ಜೋರಾದಷ್ಟೂ ಬೆಳಕು ಹರಡುವುದನ್ನು ನೋಡಿಯೇ ನನ್ನ ಕೂದಲು ಬೆಳ್ಳಗಾಗಿದೆ, ಇದೇನು ತಿರುಗಾಮುರುಗ ಎಂದು ನಾನು ತಗಾದೆ ತೆಗೆದೆ. ಹಾಕಿದಷ್ಟೇ ಲೆಕ್ಕದಲ್ಲಿ ಬರುವುದಲ್ಲ ಮಾವ, ಜೋರಾದರೆ ನಡತೆಯೇ ಬೇರೆಯಾಗುತ್ತದೆ, ಅದಕ್ಕೇ ನಾನ್‌ಲೀನಿಯರ್ ಎನ್ನುವುದು ಎಂದೆ ನೀನು. ತಕ್ಷಣ ಅರ್ಥವಾಯಿತು. ರಸೂಲನ ಪಂಕ್ಚರ್ ಅಂಗಡಿಯಲ್ಲಿ ಒಂದು ಲೋಟ ಟೀ ಕುಡಿದರೆ ನಾನು ಹೇಳುವುದು ಒಂದು ಸುಳ್ಳು, ಎರಡು ಲೋಟ ಕುಡಿದರೆ ಎಂಟು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಮುಗಿಯುವುದರೊಳಗೆ ನಿಜ ಹೊರಬಂತು. ಕೆಂಪು ನಿಲ್ಲುತ್ತಲೇ ಇಲ್ಲ, ಜನವರಿಯೊಳಗೆ ನಿಲ್ಲದಿದ್ದರೆ ಈ ವಿಷಯ ಕೈಬಿಡು ಎಂದು ಗೈಡ್ ಹೇಳಿದ್ದಾರೆ, ಮೂರು ವರ್ಷದ ಕೆಲಸ ನೀರುಪಾಲು ಎಂದೆ.

ಅವತ್ತಿನಿಂದ ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಏಳನೇ ಕ್ಲಾಸಿನವನು ನಿನಗೆ ಏನು ಸಹಾಯ ಮಾಡಲಿ? ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ, ಸೋಲುವುದು. ಸೋಲೂರಿನವನು ಇನ್ನೇನು ಕಲಿತಾನು! ಗೆಲ್ಲುತ್ತಾನೆ ಎಂದು ನಾನು ಕಟ್ಟಿದ ಪಂಚಾಯ್ತಿ ಅಭ್ಯರ್ಥಿಗೆ ಠೇವಣಿಯೂ ಸಿಗಲಿಲ್ಲ. ಹೆಣ್ಣುಗರು ಎಂದು ಕಟ್ಟಿದೆ, ಹಸು ಹೋರಿಗರು ಹಾಕಿತು. ಮಳೆ ಇಲ್ಲ ಎಂದು ಕಟ್ಟಿದ ದಿನ ನಮ್ಮದೇ ಶಾಮಿಯಾನ ಹಳ್ಳ ಸೇರಿತು. ನಾನು ಯಾರ ಕಡೆ ಕಟ್ಟುತ್ತೇನೋ ಅವರ ಕಥೆ ಮುಗಿಯಿತು. ಅದಕ್ಕೇ ಮಗಳೇ, ನಿನ್ನ ಕಡೆ ಕಟ್ಟಲಿಲ್ಲ. ಕೆಂಪಿನ ಕಡೆ ಕಟ್ಟಿದೆ.

ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ ರಸೂಲ್ ಕೈ ನಿಲ್ಲಿಸಿದ. "ಏನ್ಲಾ ರಾಮ್ಲಿಂಗ, ಅಕ್ಕನ ಮಗಳು ಸೋಲ್ತಾಳೆ ಅಂತ ಬಾಜಿ ಕಟ್ಟೀಯಾ?"

"ಕೆಂಪು ನಿಲ್ಲಾಕಿಲ್ಲ ಕಣ್ಲಾ. ಧೈರ್ಯ ಇದ್ರೆ ನೀನು ಅವಳ ಕಡೆ ಕಟ್ಟು."

"ಕಟ್ತೀನಿ. ನಿಂಗೆ ನಾಚ್ಕೆ ಆಗ್ಬೇಕು."

ಅವನ ಹೆಂಡತಿ ಮಜೀದಾ ಅದನ್ನು ನಿಮ್ಮಮ್ಮನಿಗೆ ಹೇಳಿದಳು, ನಿಮ್ಮಮ್ಮ ನಿನಗೆ ಹೇಳಿದಳು. ನಮ್ಮ ಕಡೆ ಮಾತು ಕೆಂಪಿಗಿಂತ ಬೇಗ ಓಣಿ ದಾಟುತ್ತದೆ.

ಜನವರಿ ಕೊನೆಯಲ್ಲಿ ನೀನು ನಿಮ್ಮಮ್ಮನಿಗೆ ಫೋಟೋ ಕಳಿಸಿದ ಸುದ್ದಿ ಬಂತು. ಮಾಗಡಿ ಬಸ್ಸು ಹಿಡಿದು ಅಕ್ಕನ ಮನೆಗೆ ಓಡಿದೆ. ಫೋನನ್ನು ಕಿತ್ತುಕೊಂಡು ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, ಅಂಚಿನಲ್ಲೆಲ್ಲಾದರೂ ಕೆಂಪು ಕದ್ದು ನಿಂತಿದೆಯಾ ಎಂದು ಹುಡುಕಿದೆ. ಇರಲಿಲ್ಲ. ನಡುವೆ ಒಂದೇ ಒಂದು ಬಿಳಿ ಚುಕ್ಕೆ, ಮಲ್ಲಿಗೆ ಮೊಗ್ಗಿನ ಹಾಗೆ. "ಬಾಜಿ ಸೋತೋನು ಹಿಂಗೆ ನಗ್ತಾ ಕುಂತಿದೀಯಲ್ಲೋ," ಎಂದು ಅಕ್ಕ ಬೈದಳು. ಅವಳ ಕೈಯಲ್ಲಿ ಅವರೆಕಾಳು ಸಾರು ಬಡಿಸಿಕೊಂಡು ಎರಡು ಮುದ್ದೆ ಹೆಚ್ಚಿಗೆ ಉಂಡು, ಅಲ್ಲೇ ಗೋಡೆಗೆ ಒರಗಿ ನಿದ್ದೆ ಮಾಡಿಬಿಟ್ಟೆ. ಎಷ್ಟು ದಿನದ ನಿದ್ದೆಯೋ.

ರಸೂಲ್ ದುಡ್ಡು ವಾಪಸ್ ಕೊಡಲು ಮನೆಗೇ ಬಂದಿದ್ದ. ಮುಟ್ಟಲಿಲ್ಲ. ತಗೊಂಡರೆ ಬಾಜಿ ರದ್ದಾಗಿ ಅಲ್ಲಿ ನಿನ್ನ ಬಣ್ಣಗಳು ಮತ್ತೆ ಚದುರಿದರೆ? ವಿಜ್ಞಾನದಲ್ಲಿ ರಿಸ್ಕ್ ಬೇಡ.

ವೇಳೆಗೆ ಸರಿಯಾಗಿ ಉಣ್ಣು. ಆ ಕತ್ತಲೆ ಕೋಣೆಯಲ್ಲಿ ಕಣ್ಣು ಜೋಪಾನ. ನೀನು ಕೈ ಹಾಕಿದ್ದೆಲ್ಲ ಬೆಳಗಲಿ, ಮಗಳೇ.

ಇಂತಿ ನಿನ್ನ ಮಾವ,
ರಾಮಲಿಂಗಯ್ಯ

ತಾ.ಕ.: ಬಾಜಿಯ ಸುದ್ದಿ ಕೇಳಿದ ದಿನ ನೀನೇ ಫೋನ್ ಮಾಡಿದೆಯಲ್ಲ, ಆಗ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಮಾವ, ನೀನೂ ನಂಬಲ್ವಾ?" ಎಂದಷ್ಟೇ ಕೇಳಿ ಫೋನ್ ಇಟ್ಟುಬಿಟ್ಟೆ ನೀನು. ಗುಟ್ಟು ಹೊರಬಿದ್ದರೆ ಬಾಜಿಗೆ ಬಲವಿಲ್ಲ ಎಂದು ಬಾಯಿ ಕಟ್ಟಿಕೊಂಡೆ, ನಾನು! ಆ ಮಾತು ಇನ್ನೂ ಎದೆಯಿಂದ ಇಳಿದಿಲ್ಲ. ನಿಮ್ಮತ್ತೆಗೆ, ಅಕ್ಕನಿಗೆ, ಊರಿಗೆಲ್ಲ ಐನೂರು ರೂಪಾಯಿ ಎಂದು ಹೇಳಿದ್ದೇನೆ. ಐನೂರಕ್ಕೆ ಯಾವ ಕೆಂಪು ನಿಲ್ಲುತ್ತದೆ? ನಂಬಿಕೆ ಎಷ್ಟಿದೆಯೋ ಅಷ್ಟನ್ನೂ ಸೋಲಬೇಕು. ರಸೂಲ್ ತನ್ನ ಲಗೇಜ್ ಆಟೋ ಪಣಕ್ಕೆ ಒಡ್ಡಿದ. ಹೊಸ ಜನರೇಟರಿಗೆಂದು ಕೂಡಿಟ್ಟದ್ದನ್ನೆಲ್ಲ ನಾನು ಒಡ್ಡಿದೆ. ಅರವತ್ತೆರಡು ಸಾವಿರ.