ಸೋಬಾನೆ ಹೇಳದ ಕಂಪ್ಯೂಟರು

ಪಾಂಡವಪುರ
ಮೇ ೧೯೯೯, ಬುಧವಾರ

ಇರುವ ಒಬ್ಬನೇ ಬಾಮೈದನೆಂಬ ಕಾರಣಕ್ಕೆ ಇನ್ನೂ ಪ್ರಿಯನಾಗಿ ಉಳಿದಿರುವ ಗಿರೀಶನಿಗೆ,

ನೀನು ಕ್ಷೇಮವೆಂದು ಗೊತ್ತು. ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವರು ಕ್ಷೇಮವಾಗಿಯೇ ಇರುತ್ತಾರೆ. ಕ್ಷೇಮವಿಲ್ಲದವರು ನಿನ್ನಿಂದ ಕಂಪ್ಯೂಟರ್ ಹಾಕಿಸಿಕೊಂಡವರು.

ಹೋದ ವರ್ಷ ಬಂದು ಏನು ಹೇಳಿದೆ? 'ಭಾವ, ಮನೇಲಿರೋ ಹಾಡ್ನೆಲ್ಲ ಇದ್ರೊಳಕ್ಕೆ ತುಂಬುಡ್ತೀನಿ. ನಡುಮನೆ, ಅಡಿಗೆಮನೆ, ಕೊಟ್ಟಿಗೆ, ಎಲ್ ಬೇಕಾದ್ರೂ ಕುಂತು ಕೇಳು.' ತುಂಬಿದೆ, ಒಪ್ಪುತ್ತೇನೆ. ಕೊಟ್ಟಿಗೆಗೂ ತಂತಿ ಎಳೆದೆ. ನಮ್ಮ ದೊಡ್ಡಮ್ಮ ದ್ಯಾವಮ್ಮನ ಸೋಬಾನೆ ಕ್ಯಾಸೆಟ್ಟೂ ಒಳಗೆ ಹೋಯಿತು. ದೊಡ್ಡಪ್ಪ ತೀರಿಕೊಂಡ ಮೇಲೆ ಆಕೆ ಮದುವೆ ಚಪ್ಪರದ ಕಡೆ ಸುಳಿದವಳಲ್ಲ, ಸೋಬಾನೆಗೆ ಬಾಯಿ ತೆರೆದವಳಲ್ಲ. ಆ ಗಂಟಲಿನದೆಂದು ಉಳಿದಿದ್ದು ಅದೊಂದೇ. 'ಇನ್ನು ಕ್ಯಾಸೆಟ್ ಯಾಕೆ' ಎಂದೆ ನೀನು. ನಂಬಿದ ನಿನ್ನಕ್ಕ ಅದರ ಮೇಲೆ ರೇಡಿಯೋದ ಕೃಷಿ ಕಾರ್ಯಕ್ರಮ ಹಿಡಿದಳು. ಈಗ ಹಾಕಿದರೆ ಕೂಳೆ ಕಬ್ಬಿಗೆ ಗೊಬ್ಬರ ಎಷ್ಟೆಂಬುದು ಬಹಳ ಸ್ಪಷ್ಟವಾಗಿ ಕೇಳುತ್ತದೆ.

ಯುಗಾದಿಗೆ ಬಂದವನು ಒಬ್ಬಟ್ಟು ತಿಂದು ಹೋಗಬಾರದಿತ್ತೇ? ವಿಂಡೋಸು ಹ್ಯಾಂಗ್ ಆಗುತ್ತೆ, ಲಿನಕ್ಸೇ ಸರಿ ಎಂದು ಡಿಸ್ಕನ್ನು ಗುಡಿಸಿ ಸಾರಿಸಿಬಿಟ್ಟೆ. ಹಾಡೆಲ್ಲ ಕಸದ ಜೊತೆ ಹೋದವು. ಹ್ಯಾಂಗ್ ಆಗುವುದಿಲ್ಲ, ನಿಜ; ಆದರೆ ಹ್ಯಾಂಗೆ ಹಾಡಿಸುವುದು? ಕಪ್ಪು ಪರದೆ ಹೆಸರು ಕೇಳಿದರೆ 'ರೂಟ್' ಎಂದು ಒತ್ತು ಎಂದಿದ್ದೆ. ಒತ್ತಿದೆ. ಮುಂದಕ್ಕೆ? ಕಿಕ್ಕೇರಿ ಬಸ್ಸಿನ ರೂಟು ನನಗೆ ಗೊತ್ತು, ಇದರದು ಗೊತ್ತಿಲ್ಲ. ಸ್ಪೀಕರು ಮೂಕ, ಮೈಕು ಕಿವುಡು. ನೀನಲ್ಲಿ ಲಿನಕ್ಸಿನಲ್ಲಿ ಲೀನ, ನಾನಿಲ್ಲಿ ದೀನ.

ಭಾನುವಾರ ನನ್ನ ತಂಗಿ ರಂಜಿತಳ ಮದುವೆ. ದೊಡ್ಡಮ್ಮನೇ ಎತ್ತಿ ಬೆಳೆಸಿದವಳು. ಆ ಸೋಬಾನೆ ಕೇಳದೆ ಹಸೆಗೆ ಕೂರುವುದಿಲ್ಲವೆಂದು ಮುಖ ಊದಿಸಿಕೊಂಡಿದ್ದಾಳೆ. ಮೊನ್ನೆ ಧೈರ್ಯ ಮಾಡಿ, ಇನ್ನೊಮ್ಮೆ ಹಾಡಿಕೊಡುತ್ತೀಯಾ ಎಂದು ದೊಡ್ಡಮ್ಮನನ್ನೇ ಕೇಳಿದೆ. 'ಚಪ್ಪರದಲ್ಲಿ ಸೋಬಾನೆ ಏಳಾಕಿಲ್ಲ ಅಂದಿದ್ದೆ ಕಣ್ಲಾ. ಮಿಸಿನ್ನಿಗೆ ಏಳಾಕಿಲ್ಲ ಅಂದಿದ್ನಾ?' ಎಂದಳು. ಒಗೆದ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಬಂದು ಕೂತಳು. ಮೈಕು ಆಕೆಯ ದನಿ ಹಿಡಿಯಲಿಲ್ಲ. ನಿನ್ನೆಯೂ ಕೂತಳು, ಇವತ್ತೂ. ಟೇಪ್ ರೆಕಾರ್ಡರಿನಲ್ಲಿ ಹಿಡಿಯೋಣವೆಂದರೆ ಅದರ ರೆಕಾರ್ಡ್ ಗುಂಡಿ ಮುರಿದಿದೆ. ಆದ್ದರಿಂದ ಶನಿವಾರದೊಳಗೆ ಓಡಿ ಬಾ. ವಿಂಡೋಸೋ ಲಿನಕ್ಸೋ, ನನಗೆ ಯಾವ ಪಂಥವೂ ಇಲ್ಲ. ಆಕೆಯ ದನಿ ಹಿಡಿಯುವುದು ಯಾವುದೋ ಅದರ ಸೀಡಿ ತಾ.

ಇಲ್ಲಿಯವರೆಗೆ ಬರೆದಿದ್ದೆ. ದೊಡ್ಡಮ್ಮ ಬಂದು ಯಾರಿಗೆ ಕಾಗದ ಎಂದಳು. ಹೇಳಿದೆ. ಕಪ್ಪು ಪರದೆಯನ್ನೊಮ್ಮೆ ನೋಡಿದಳು. 'ಮೊನ್ನೆಯಿಂದ ಗಂಟ್ಲು ಸರಿ ಮಾಡ್ಕೊಂಡು ಕುಂತಿವ್ನಿ. ನಿನ್ ಬಾಮೈದ ಸನಿವಾರದೊಳ್ಗೆ ಬಂದ್ರೆ ಸರಿ. ಬರ್ನಿಲ್ಲ ಅಂದ್ರೆ ನಾನೇ ಚಪ್ಪರದಲ್ಲಿ ಕುಂತ್ಕೊಂಡು ಏಳ್ಬುಡ್ತೀನಿ. ಅನ್ನೋರು ಅಂದ್ಕಳ್ಳಿ ಬುಡು' ಎಂದು ಒಳಗೆ ಹೋದಳು.

ಅಡಿಗೆಮನೆಯಲ್ಲಿ ಆಕೆ ಸಣ್ಣಗೆ ರಾಗ ಎಳೆದು ನೋಡುತ್ತಿರುವುದು ಕೇಳುತ್ತಿದೆ.

ಗಿರೀಶ, ಮೇಲಿನ ಬೈಗುಳ ಯಾವುದನ್ನೂ ಹೊಡೆದುಹಾಕಿಲ್ಲ. ಎಲ್ಲ ನಿನಗೆ ಸಲ್ಲತಕ್ಕದ್ದೇ. ಆದರೆ ಶನಿವಾರದೊಳಗೆ ಈ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ. ಜ್ವರ ಬರಿಸಿಕೊ, ಬಸ್ಸು ತಪ್ಪಿಸಿಕೊ. ಭಾನುವಾರ ಧಾರೆಗೆ ಮೊದಲು, ಸೀಡಿ ಗೀಡಿ ಇಲ್ಲದೆ ಬರಿಗೈಯಲ್ಲಿ ಬಾ. ಹೆಂಗಸರ ಹಿಂದೆ ಎಲ್ಲಾದರೂ ಕೂತು ಕೇಳು.

ನಿನ್ನ ಯಂತ್ರಗಳು ಸದಾ ಇಂಥ ಒಳ್ಳೆಯ ಹೊತ್ತಿನಲ್ಲೇ ಕೈಕೊಡಲಿ ಎಂದು ಹರಸುವ,
ನಿನ್ನ ಭಾವ
ನಿಂಗರಾಜು