ಹಸಿ ಗಡಿಗೆ ತಟ್ಟುವ ಕೈ

ಕನಜಾವಾ, ಜಪಾನ್

ಅಪ್ಪಾ,

ಇಲ್ಲಿ ನನ್ನ ಸೂಕ್ಷ್ಮದರ್ಶಕ ಕುರುಡು. ಸೂಜಿಯಿಂದ ತಟ್ಟಿ ತಟ್ಟಿಯೇ ಚಿತ್ರ ಬಿಡಿಸುತ್ತದೆ. ದ್ರಾವಕದ ಆವಿ ಕುಡಿದು ಮೆತ್ತಗಾದ ಪ್ಲಾಸ್ಟಿಕ್ ಪದರದ ಮೇಲೆ ಗೆರೆಗಳು ಹುಳುಗಳಂತೆ ಹರಿದಾಡುವುದನ್ನು ಕ್ಷಣಕ್ಷಣಕ್ಕೂ ತೋರಿಸುತ್ತದೆ. ಆದರೆ ಈ ಪ್ರಯೋಗಾಲಯದಲ್ಲಿ ಎಲ್ಲರ ಸೂಜಿಯೂ ಪದರವನ್ನು ಗೀರಿಬಿಡುತ್ತಿತ್ತು. ನಮ್ಮೂರು ಕೆಂಭಾವಿಯಲ್ಲಿ ನಾನು ಹಸಿ ಗಡಿಗೆ ತಟ್ಟುವಾಗ ನೀನು ಬೈಯುತ್ತಿದ್ದೆಯಲ್ಲ, "ಬಡಿಬ್ಯಾಡ ನಾಗೂ, ಮುಟ್ಟಿ ಬಿಡು" ಎಂದು. ಸೂಜಿಯ ಹೊಡೆತವನ್ನೂ ಹಾಗೇ ಹಗುರ ಮಾಡಿದೆ. ಒಂದು ಗೀರೂ ಬೀಳಲಿಲ್ಲ. ಆ ಅಳತೆಗೆ ಯಂತ್ರದಲ್ಲಿ ನಿನ್ನ ಹೆಸರನ್ನೇ ಇಟ್ಟಿದ್ದೇನೆ.

ನೆಗಡಿ ಹೋಗಿದೆ, ಚಿಂತೆ ಬೇಡ. ಅವ್ವನಿಗೆ ಹೇಳು: ಅವಳು ಇಂದಿಗೂ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ಜಪಾನಿನವರು ದಿನಕ್ಕೆ ಹತ್ತು ಸಲ ಕೂಗುತ್ತಾರೆ, "ಹಂಪಣ್ಣ ಹಚ್ಚು" ಅಂತ.

ನಿನ್ನ ಮಗಳು,
ನಾಗರತ್ನಾ