ಚೊಚ್ಚಲ ಹಾಲು

ಪುಟ್ಟೀ,

ನಿನ್ನೆ ನೀನು ಫೋನಿನಲ್ಲಿ "ಅಪ್ಪಾ, ಮಗೂಗೆ ಹಾಲೇ ಬರ್ತಿಲ್ಲ" ಎಂದು ಅತ್ತಾಗ, ನಾನು ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟು ಕೊಟ್ಟಿಗೆಗೆ ಹೋಗಿಬಿಟ್ಟೆ. ಇಂಥದ್ದನ್ನು ಮಾತಾಡಲು ನನಗೆ ನಾಚಿಕೆ. ಬರೆಯುವುದಾದರೆ ಹೇಗೋ ಆದೀತು. ನಿನ್ನನ್ನು ಹಸುವಿಗೆ ಹೋಲಿಸಿದೆನೆಂದು ಬೈಯಬೇಡ. ನನಗೆ ಗೊತ್ತಿರುವುದು ಅದೊಂದೇ.

ನಮ್ಮ ಕೆಂಚಿ ಹೋದ ವಾರ ಚೊಚ್ಚಲ ಕರು ಹಾಕಿದಳು. ಕೆಚ್ಚಲಿಗೆ ಕೈ ಹಾಕಿದರೆ ಸಾಕು, ಒದೆಯುತ್ತಿದ್ದಳು. ನೋಡಲು ಬಂದವರದು ಒಬ್ಬೊಬ್ಬರದು ಒಂದೊಂದು ಸಲಹೆ. "ಕಾಲು ಕಟ್ಟಿಹಾಕ್ರೀ" ಎಂದರು ಪಕ್ಕದ ಮನೆಯವರು. ನಿಮ್ಮಮ್ಮ, "ಮೊದ್ಲು ನಿಮ್ಮ ಬಾಯಿ ಕಟ್ಟಬೇಕು, ನಡೀರಿ ಆಚೆ" ಎಂದು ಎಲ್ಲರನ್ನೂ ಹೊರಗಟ್ಟಿದಳು, ನನ್ನನ್ನೂ ಸೇರಿಸಿ. ಆಮೇಲೆ, ನಾನು ಬಾಗಿಲ ಸಂದಿಯಿಂದ ಇಣುಕುತ್ತಿದ್ದಂತೆ, ಕರುವನ್ನು ಕೆಂಚಿಯ ಮೂತಿಯ ಹತ್ತಿರ ಬಿಟ್ಟು, ಅದರ ಬೆನ್ನು ಸವರುತ್ತ ಸುಮ್ಮನೆ ಕೂತಳು. ಕೆಂಚಿ ಕರುವನ್ನು ನೆಕ್ಕುತ್ತ ನೆಕ್ಕುತ್ತ ತಾನಾಗಿಯೇ ಹಾಲಿಳಿಸಿದಳು.

ನಿನ್ನ ಕೋಣೆಯಲ್ಲೂ ಸಲಹೆಗಾರರು ತುಂಬಿಕೊಂಡಿದ್ದಾರಂತೆ. ಅದಕ್ಕೇ ನಾಳೆ ನಿಮ್ಮಮ್ಮನನ್ನು ಬಸ್ಸು ಹತ್ತಿಸುತ್ತಿದ್ದೇನೆ, ಈ ಪತ್ರವೂ ಅವಳ ಕೈಯಲ್ಲೇ ಬರುತ್ತದೆ. "ಎರಡೂ ಹೊತ್ತು ಹಾಲು ನೀವು ಕರೀತೀರಾ?" ಎಂದು ಒಂದೇ ಸಮ ನಗುತ್ತಿದ್ದಾಳೆ. ನಗಲಿ. ಕೋಣೆಯಿಂದ ಹೊರಗೆ ಕಳಿಸಿದ್ದಕ್ಕೆ ಬೀಗರಿಗೆ ಬೇಜಾರಾದರೆ, ಅಪ್ಪ ಹೇಳಿದ್ದು ಅಂತ ನನ್ನ ಮೇಲೆ ಹಾಕು.

ಹಾಲು ಬಂದರೆ ಸಂತೋಷ. ಬರದಿದ್ದರೂ ಡಾಕ್ಟರು ಬರೆದುಕೊಟ್ಟ ಪುಡಿ ಹಾಲಿದೆ, ನಿನ್ನ ಮಗು ಹಸಿದಿರುವುದಿಲ್ಲ. ನನಗೆ ಚಿಂತೆ ನನ್ನ ಮಗುವಿನದು. ಅವಳು ಉಂಡಳೇ, ಸ್ವಲ್ಪ ನಿದ್ದೆ ಮಾಡಿದಳೇ, ಅಷ್ಟು ತಿಳಿಸು.

ನಿನ್ನ ಅಪ್ಪ